ಇದ್ದದ್ದು ಇದ್ದ ಹಾಗೆ

2023ರ ಏಪ್ರಿಲ್‌ನಲ್ಲಿ ದುಬೈಯಲ್ಲಿ ಒಂದು ನಂಬರ್ ಪ್ಲೇಟು 5.5 ಕೋಟಿ ದಿರ್ಹಮಿಗೆ ಹರಾಜಾಯಿತು. ಪ್ಲೇಟಿನ ಮೇಲೆ ಇದ್ದದ್ದು ‘ಪಿ’ ಎಂಬ ಅಕ್ಷರ, 7 ಎಂಬ ಅಂಕೆ. ಹಿಂದೆ ಗಾಡಿ ಇರಲಿಲ್ಲ. ಆವತ್ತಿನ ಲೆಕ್ಕದಲ್ಲಿ ನಮ್ಮ 120 ಕೋಟಿ ರೂಪಾಯಿ ದಾಟಿದ ತಗಡು ಅದು. ಅದಕ್ಕೂ ಮೊದಲು, 2008ರಲ್ಲಿ, ಅಬುಧಾಬಿಯಲ್ಲಿ 1 ಎಂಬ ಒಂಟಿ ಅಂಕೆ 5.22 ಕೋಟಿ ದಿರ್ಹಮಿಗೆ ಹೋಗಿತ್ತು. ದುಬೈಯ ಹರಾಜಿನ ಹಣ ಹಸಿದವರ ಊಟದ ನಿಧಿಗೆ ಸೇರಿತು, ಆದ್ದರಿಂದ ಅದರಲ್ಲಿ ಕೊಂಕು ತೆಗೆದರೆ ಪಾಪ ಬರುತ್ತದೆ. ನಾನು ಕೊಂಕು ತೆಗೆಯಲು ಹೊರಟಿರುವುದು ಅದೇ ಊರಿನ ಇನ್ನೊಂದು ತುದಿಯಲ್ಲಿ ನಡೆಯುವ ಹರಾಜಿನ ಬಗ್ಗೆ. ಅಲ್ಲಿ ಪ್ಲೇಟು ಇರುವುದಿಲ್ಲ, ಗಾಡಿ ಇರುತ್ತದೆ. ಕೆಲವೊಮ್ಮೆ ಗಾಡಿಯೂ ಪೂರ್ತಿ ಇರುವುದಿಲ್ಲ.

ದುಬೈಯ ಕಾರು ಹರಾಜು ಎಂದರೆ ಊರಿನವರ ತಲೆಯಲ್ಲಿ ಬೇರೆಯೇ ಸಿನಿಮಾ ಓಡುತ್ತದೆ. 2008ರ ಆರ್ಥಿಕ ಕುಸಿತದಲ್ಲಿ ಸಾಲ ತೀರಿಸಲಾಗದ ಸಾಹುಕಾರರು ವಿಮಾನ ನಿಲ್ದಾಣದಲ್ಲಿ ಕೀಲಿ ಸಮೇತ ಕಾರು ಬಿಟ್ಟು ಓಡಿಹೋದರೆಂಬ ಕತೆಗೆ ವರ್ಷಕ್ಕೆರಡು ಫೆರಾರಿ ಸೇರುತ್ತಲೇ ಬಂದಿದೆ. ರಜೆಯಲ್ಲಿ ಊರಿಗೆ ಹೋದರೆ ಮದುವೆ ಪಂಕ್ತಿಯಲ್ಲಿ ಪಕ್ಕದೆಲೆಯವರು ಕೇಳುತ್ತಾರೆ: “ಅಲ್ಲಿ ಧೂಳು ಹಿಡಿದ ಫೆರಾರಿ ಪುಕ್ಕಟೆ ಸಿಗ್ತದಂತೆ, ಹೌದಾ?” ಧೂಳು ಹಿಡಿಸಿ ನಿಲ್ಲಿಸಿದ ಗಾಡಿಗೆ ದುಬೈಯಲ್ಲಿ ಸಿಗುವುದು ನಗರಪಾಲಿಕೆಯ ನೋಟಿಸು, 500 ದಿರ್ಹಂ ದಂಡ. ಯಾರೂ ಬಂದು ಬಿಡಿಸಿಕೊಳ್ಳದಿದ್ದರೆ ಅದೂ ಹರಾಜಿಗೆ ಬರುತ್ತದೆ, ಸುಳ್ಳಲ್ಲ. ಆದರೆ ಅದು ನಮ್ಮಂಥವನೇ ಒಬ್ಬ ವೀಸಾ ಮುಗಿದು ಊರಿಗೆ ಹೊರಟಾಗ ಬಿಟ್ಟುಹೋದ ಸನ್ನಿಯೋ ಕೊರೊಲ್ಲಾವೋ ಆಗಿರುತ್ತದೆ.

ಹರಾಜಿನ ಯಾರ್ಡುಗಳನ್ನು ತುಂಬಿಸುವವರು ಓಡಿಹೋದ ಸಾಹುಕಾರರಲ್ಲ, ವಿಮೆ ಕಂಪನಿಗಳು. ಅಪಘಾತವಾದ ಗಾಡಿಯ ರಿಪೇರಿ ಖರ್ಚು ಅದರ ಬೆಲೆಯ ಅರ್ಧಕ್ಕಿಂತ ಮೇಲೆ ಹೋದರೆ ಇಲ್ಲಿ ಅದು ‘ಟೋಟಲ್ ಲಾಸ್’. ಮಾಲಿಕನಿಗೆ ದುಡ್ಡು, ಕಂಪನಿಗೆ ಗಾಡಿ. ಕಂಪನಿಯವರು ಅದನ್ನು ಏನು ಮಾಡುತ್ತಾರೆ? ಇಂಜಿನಿಯರುಗಳನ್ನು ಕಳಿಸಿ, ಸರ್ವೇ ಮಾಡಿಸಿ, ಇದನ್ನು ಸರಿ ಮಾಡುವುದು ದಂಡ ಎಂದು ಕಾಗದದ ಮೇಲೆ ಸಹಿ ಹಾಕಿ, ಹರಾಜಿಗೆ ಹಾಕುತ್ತಾರೆ. ಇಷ್ಟು ಜನ ಓದಿದವರು ಸೇರಿ ಕೈಬಿಟ್ಟ ಗಾಡಿಯಲ್ಲಿ ಅವರಾರಿಗೂ ಕಾಣದ ಲಾಭವೊಂದು, ಅಲ್ ಖುಸೈಸಿನ ಫ್ಲಾಟೊಂದರ ಪಾರ್ಟಿಶನ್ ಕೋಣೆಯಲ್ಲಿ, ರಾತ್ರಿ ಹನ್ನೊಂದಕ್ಕೆ, ಡಬಲ್ ಡೆಕ್ಕರ್ ಮಂಚದ ಮೇಲಿನ ಅಂತಸ್ತಿನಲ್ಲಿ ಮಲಗಿ ಮೊಬೈಲು ಉಜ್ಜುತ್ತಿರುವ ಭಾವನಿಗೆ ಕಾಣುತ್ತದೆ.

ಭಾವ ಎಂದರೆ ಸಂಬಂಧದಲ್ಲಿ ನನಗೇನೂ ಆಗಬೇಕಾದವರಲ್ಲ. ಎಲ್ಲರೂ ಅವರನ್ನು ಭಾವ ಎನ್ನುವುದರಿಂದ ನನಗೂ ಭಾವ. ಉಡುಪಿ ಕಡೆಯವರು. ಊರಲ್ಲಿ ಚಾರ್ಮಾಡಿ ಘಾಟಿಯಲ್ಲಿ ಮಳೆಗಾಲದ ರಾತ್ರಿ ಗಾಡಿ ಇಳಿಸಿದವರು. ಅಂಥವರನ್ನು ದುಬೈಯ ಡ್ರೈವಿಂಗ್ ಸ್ಕೂಲು ಪ್ಯಾರಲಲ್ ಪಾರ್ಕಿಂಗಿನಲ್ಲಿ ಮತ್ತೆ ಮತ್ತೆ ಫೇಲು ಮಾಡಿತು. ಭಾರತದ ಲೈಸೆನ್ಸು ತೋರಿಸಿ ಇಲ್ಲಿಯದನ್ನು ಪಡೆಯುವ ಹಾಗಿಲ್ಲ. ದುಡ್ಡು ಕಟ್ಟಿ, ಪರೀಕ್ಷೆ ಕೂತು, ಪಾಸಾಗಲೇಬೇಕು. ಪ್ರತಿ ಫೇಲಿಗೂ ಮತ್ತೆ ಕ್ಲಾಸು, ಮತ್ತೆ ಫೀಸು. ಹಾಗೆ ಸಂಪಾದಿಸಿದ ಲೈಸೆನ್ಸನ್ನು ಯಾರಾದರೂ ಪರ್ಸಿನಲ್ಲಿಟ್ಟು ಮೆಟ್ರೋ ಹತ್ತುತ್ತಾರೆಯೇ?

“ಶೋರೂಮಿನವ ಕಳ್ಳ, ಸೆಕೆಂಡ್‌ಹ್ಯಾಂಡ್ ಡೀಲರ್ ಅವನಿಗಿಂತ ದೊಡ್ಡ ಕಳ್ಳ” ಎಂದರು ಭಾವ. “ಏಲಂನಲ್ಲಿ ಕಳ್ಳರೇ ಇಲ್ಲ ಮಾರಾಯ. ಡೈರೆಕ್ಟ್.”

ಈ ಮಾತಿನಲ್ಲಿ ಸುಳ್ಳಿಲ್ಲ. ನಾನು ನೋಡಿದ ಮಟ್ಟಿಗೆ ಹರಾಜಿನವರಷ್ಟು ಸತ್ಯವಂತರು ಈ ವ್ಯಾಪಾರದಲ್ಲಿ ಇನ್ನಾರೂ ಇಲ್ಲ. ಪ್ರತಿ ಗಾಡಿಯ ಕೆಳಗೂ ಅವರು ಬರೆದಿರುತ್ತಾರೆ: ಗಾಡಿ ಇದ್ದದ್ದು ಇದ್ದ ಹಾಗೆ, ನಿಂತಲ್ಲಿ ನಿಂತ ಹಾಗೆ ಮಾರಾಟಕ್ಕಿದೆ. ಎಂಜಿನಿಗೆ ನಾವು ಜವಾಬ್ದಾರರಲ್ಲ, ಗೇರಿಗೆ ಜವಾಬ್ದಾರರಲ್ಲ, ಮೀಟರಿನಲ್ಲಿ ಕಾಣುವ ಕಿಲೋಮೀಟರಿಗೆ ಜವಾಬ್ದಾರರಲ್ಲ. ವಾರಂಟಿ ಇಲ್ಲ. ವಾಪಸ್ ಇಲ್ಲ. ಬೇಕಾದರೆ ಮೊದಲೇ ಯಾರ್ಡಿಗೆ ಬಂದು ಕಣ್ಣಾರೆ ನೋಡಿ. ಇಷ್ಟು ಬಿಚ್ಚಿಟ್ಟು ಮಾತಾಡಿದ ಚುನಾವಣಾ ಪ್ರಣಾಳಿಕೆಯನ್ನಾಗಲಿ ಮದುವೆ ದಲ್ಲಾಳಿಯನ್ನಾಗಲಿ ಯಾರಾದರೂ ಕಂಡಿದ್ದರೆ ಹೇಳಿ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಎನ್ನುತ್ತಾರೆ. ಇಲ್ಲಿ ಯಾರೂ ಒದೆಯುವುದಿಲ್ಲ, ಏಕೆಂದರೆ ಯಾರೂ ಓದುವುದಿಲ್ಲ. ಹೆಬ್ಬೆರಳಿನಲ್ಲಿ ಸರ್ರನೆ ಕೆಳಗಿಳಿಸಿ, ‘ಓದಿದ್ದೇನೆ, ಒಪ್ಪಿದ್ದೇನೆ’ ಎಂಬಲ್ಲಿ ಟಿಕ್ ಹಾಕಿ, ಡಿಪಾಸಿಟ್ ಕಟ್ಟಿ ಒಳಗೆ ಹೋಗುತ್ತಾರೆ.

ಕೆಲವು ಗಾಡಿಗಳಿಗೆ ‘ರನ್ ಅಂಡ್ ಡ್ರೈವ್’ ಎಂಬ ಬಿರುದು ಇರುತ್ತದೆ. ಅಂದರೆ ಯಾರ್ಡಿಗೆ ಬಂದ ದಿನ ಸ್ಟಾರ್ಟ್ ಆಗಿತ್ತು, ಗೇರು ಬಿದ್ದಿತ್ತು, ತನ್ನ ಕಾಲ ಮೇಲೆ ತಾನು ಅಷ್ಟು ದೂರ ಚಲಿಸಿತ್ತು. ನೀವು ದುಡ್ಡು ಕಟ್ಟಿ ಕರೆದೊಯ್ಯುವ ದಿನವೂ ಹಾಗೇ ಇರುತ್ತದೆಂದು ಅವರು ಹೇಳಿಲ್ಲ. ಇರಲಿಕ್ಕಿಲ್ಲ ಎಂದೇ ಅಲ್ಲೇ ಕೆಳಗೆ ಬರೆದಿದ್ದಾರೆ. ಭಾವ ಅದನ್ನು ಅರ್ಥ ಮಾಡಿಕೊಂಡದ್ದು ‘ಕೂತು ಓಡಿಸಿಕೊಂಡು ಹೋಗಬಹುದು’ ಎಂದು.

ಅವರು ಕಣ್ಣಿಟ್ಟ ಗಾಡಿಯ ಫೋಟೊಗಳು ಹತ್ತು. ಒಂದರಲ್ಲಿ ಮೀಟರ್ ಬೋರ್ಡು. ಅದರಲ್ಲಿ ಎಂಜಿನ್ ದೀಪ, ಏರ್‌ಬ್ಯಾಗ್ ದೀಪ, ಬ್ರೇಕಿನ ದೀಪ ಎಲ್ಲವೂ ದೀಪಾವಳಿಯ ಹಾಗೆ ಉರಿಯುತ್ತಿದ್ದವು.

“ಅದು ಬರೀ ಸೆನ್ಸರ್” ಎಂದರು ಭಾವ.

ಗಲ್ಫಿನ ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆ ನಿಂತಿರುವುದೇ ಈ ಮಾತಿನ ಮೇಲೆ. ಹೊಗೆ ಬಂದರೆ ಬರೀ ಸೆನ್ಸರ್, ಗೇರು ಜಗ್ಗಿದರೆ ಬರೀ ಸೆನ್ಸರ್, ಎಂಜಿನ್ ಇಲ್ಲದಿದ್ದರೂ ಅದರ ಸೆನ್ಸರ್ ಇದ್ದೇ ಇರುತ್ತದೆ ಎಂಬ ಧೈರ್ಯ.

ಆ ಗಾಡಿಯ ವಿವರದಲ್ಲಿ ಇನ್ನೊಂದು ಸಾಲಿತ್ತು. ಮೊದಲ ಹಾನಿ: ಸಣ್ಣಪುಟ್ಟ ಗೀರು. ಎರಡನೇ ಹಾನಿ: ನೀರು. ಬೆರಳಿಟ್ಟು ತೋರಿಸಿದೆ.

“ದುಬೈಯಲ್ಲಿ ಎಂಥ ನೀರು?” ಎಂದು ನಕ್ಕರು. “ನಮ್ಮ ಕಡೆ ಗಾಡಿಗಳು ವರ್ಷಕ್ಕೆ ನಾಲ್ಕು ತಿಂಗಳು ನೀರಲ್ಲೇ ಓಡುದಲ್ವಾ? ಎಂತ ಆಗಿದೆ ಅವಕ್ಕೆ?”

ಇದು ಕರಾವಳಿಯವರ ಹುಟ್ಟುಗರ್ವ. ವರ್ಷಕ್ಕೆ 4,000 ಮಿ.ಮೀ. ಮಳೆ ಕುಡಿಯುವ ಜಿಲ್ಲೆಯಿಂದ ಬಂದವನಿಗೆ ಮರುಭೂಮಿಯ ಮಳೆ ಎಂದರೆ ಏಸಿಯ ಪೈಪಿನಿಂದ ತೊಟ್ಟಿಕ್ಕುವ ಹನಿ. 2024ರ ಏಪ್ರಿಲ್ 16ರಂದು ದುಬೈ ವಿಮಾನ ನಿಲ್ದಾಣದಲ್ಲಿ 24 ಗಂಟೆಯಲ್ಲಿ 142 ಮಿ.ಮೀ. ಸುರಿಯಿತು. ಅಲ್ಲಿ ಇಡೀ ವರ್ಷಕ್ಕೆ ಬೀಳುವುದೇ ಸುಮಾರು 95. ಅಲ್ ಐನ್ ಬಳಿ ಒಂದು ಕಡೆ 254 ಮಿ.ಮೀ. ದಾಟಿತು, 1949ರಿಂದ ಲೆಕ್ಕ ಇಡಲು ಶುರುಮಾಡಿದ ಮೇಲೆ ಈ ದೇಶ ಕಂಡ ಅತಿ ದೊಡ್ಡ ಮಳೆ. ಆವತ್ತು ನಮ್ಮವರು ಬಾಲ್ಕನಿಯಲ್ಲಿ ನಿಂತು, “ಇಷ್ಟಕ್ಕೆಲ್ಲ ನಮ್ಮಲ್ಲಿ ಶಾಲೆಗೂ ರಜೆ ಕೊಡುದಿಲ್ಲ” ಎಂದು ಊರಿಗೆ ವಿಡಿಯೊ ಕಳಿಸಿದರು. ವಿಡಿಯೊ ಹೋಗಿ ಮುಟ್ಟುವುದರೊಳಗೆ ಕೆಳಗಿನ ಬೇಸ್‌ಮೆಂಟ್ ಪಾರ್ಕಿಂಗ್ ಮುಳುಗಿತ್ತು. ನಮ್ಮೂರಲ್ಲಿ ಸುರಿದದ್ದು ತೋಡಿಗೆ, ತೋಡಿನಿಂದ ಹೊಳೆಗೆ, ಹೊಳೆಯಿಂದ ಕಡಲಿಗೆ ಹೋಗುತ್ತದೆ. ಇಲ್ಲಿ ಸುರಿದದ್ದು ಹೋಗಲು ದಾರಿ ಕಾಣದೆ ಅಲ್ಲೇ ಕೂತಿತು. ಶಾರ್ಜಾದ ಕೆಲವು ಬೀದಿಗಳಲ್ಲಿ ವಾರ ಕಳೆದರೂ ನೀರು ಇಳಿಯಲಿಲ್ಲ. ಜನ ದೋಣಿಯಲ್ಲಿ ಹೋಗಿ ದಿನಸಿ ತಂದರು. ನೀರಲ್ಲಿ ಓಡುವ ಗಾಡಿ ಬೇರೆ, ನೀರಲ್ಲಿ ಕೂತ ಗಾಡಿ ಬೇರೆ. ಈ ವ್ಯತ್ಯಾಸವನ್ನು ವಿಮೆ ಕಂಪನಿಯವರು ಬಲ್ಲರು. ಆದ್ದರಿಂದಲೇ ದುಡ್ಡು ಕೊಟ್ಟು ಕೈ ತೊಳೆದುಕೊಂಡರು, ಗಾಡಿಗಳು ಸಾಲುಸಾಲಾಗಿ ಯಾರ್ಡಿಗೆ ಬಂದವು.

ಮಳೆ ಕಳೆದು ಕೆಲವು ತಿಂಗಳಾದ ಮೇಲೆ ಭಾವ ಬಿಡ್ ಹಾಕಿದ ರಾತ್ರಿ ಫ್ಲಾಟಿನವರೆಲ್ಲ ಸುತ್ತ ಸೇರಿದ್ದರು. ಪರದೆಯಲ್ಲಿ ಸೆಕೆಂಡುಗಳು ಇಳಿಯುತ್ತಿದ್ದವು, ಎದುರಾಳಿ ಒಬ್ಬನೇ ಉಳಿದಿದ್ದ. ಯಾರೋ, ಎಲ್ಲಿಯವನೋ, ಹೆಸರಿಲ್ಲ, ಒಂದು ಸಂಖ್ಯೆ ಮಾತ್ರ. ಭಾವ ಇನ್ನೂರೈವತ್ತು ಏರಿಸಿದರೆ ಅವನೂ ಏರಿಸುವ. ಕೊನೆ ಗಳಿಗೆಯಲ್ಲಿ ಏರಿಸಿದರೆ ಗಡಿಯಾರ ಮತ್ತೆ ಹಿಂದಕ್ಕೆ ಹೋಗುವುದರಿಂದ ಯಾರಿಗೂ ಸೋಲಿಲ್ಲ, ಮುಕ್ತಾಯವಿಲ್ಲ. “ಬಿಡಬೇಡಿ ಭಾವ!” ಎಂದು ಮೇಲಿನ ಮಂಚದಿಂದ ಒಬ್ಬ ಕಿರುಚಿದ. ಕೊನೆಗೆ ಎದುರಾಳಿ ಸುಮ್ಮನಾದ, ಭಾವ ಗೆದ್ದರು, ಚಪ್ಪಾಳೆ ಬಿತ್ತು.

ಆ ಎದುರಾಳಿ ಯಾರಿದ್ದಿರಬಹುದು? ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಗ್ಯಾರೇಜೋ ಗುಜರಿಯೋ ಇಟ್ಟುಕೊಂಡವನೇ ಇರಬೇಕು ಎಂದು ನನ್ನ ಗುಮಾನಿ. ಬಾಗಿಲಿಗೆ ಎಷ್ಟು, ಬಂಪರಿಗೆ ಎಷ್ಟು, ಚಕ್ರಕ್ಕೆ ಎಷ್ಟು ಎಂದು ಬೆರಳ ತುದಿಯಲ್ಲಿ ಲೆಕ್ಕ ಇರುವವನು. ಗಾಡಿಯನ್ನು ಬಿಚ್ಚಿ ಬಿಡಿಬಿಡಿಯಾಗಿ ಮಾರಿದರೂ ಇದಕ್ಕಿಂತ ಮೇಲೆ ಗಿಟ್ಟುವುದಿಲ್ಲ ಎಂದು ಗೊತ್ತಾದ ಕಡೆ ಅವನು ಫೋನು ಕೆಳಗಿಟ್ಟು ಚಾ ಕುಡಿದಿದ್ದಾನೆ. ಹರಾಜು ಗೆಲ್ಲುವುದೆಂದರೆ ಇಷ್ಟೇ: ಎಲ್ಲರಿಗಿಂತ ಹೆಚ್ಚು ಬಲ್ಲವನು ಎಲ್ಲಿ ಸಾಕೆಂದು ನಿಂತನೋ ಅಲ್ಲಿಂದ ಮುಂದಕ್ಕೆ ಹೋಗುವುದು. ಊರಿನ ಗಣೇಶೋತ್ಸವದ ಕೊನೆ ದಿನದ ಏಲಂನಲ್ಲಿ ಒಂದು ಸಿಪ್ಪೆ ತೆಂಗಿನಕಾಯಿ ಸಾವಿರಾರು ರೂಪಾಯಿಗೆ ಹೋಗುತ್ತದಲ್ಲ, ಅಲ್ಲೂ ಇದೇ ಹುರುಪು, ಇದೇ ಚಪ್ಪಾಳೆ. ಆದರೆ ಅಲ್ಲಿ ಹೆಚ್ಚು ಕೊಟ್ಟವನಿಗೆ ತಾನು ಹೆಚ್ಚು ಕೊಟ್ಟೆ ಎಂದು ಗೊತ್ತಿರುತ್ತದೆ, ಹೆಸರು ಮೈಕಿನಲ್ಲಿ ಬರುತ್ತದೆ, ಕಾಯಿಯಾದರೂ ಒಡೆದರೆ ಒಳಗೆ ಕಾಯಿಯೇ ಇರುತ್ತದೆ.

ಬೆಳಿಗ್ಗೆ ಬಿಲ್ಲು ಬಂತು. ಕೂಗಿದ ಬೆಲೆಯ ಮೇಲೆ ಕೊಳ್ಳುವವರ ಫೀಸು. ಅದಕ್ಕೆ ಶೇ 5 ವ್ಯಾಟು. ಕಾಗದಪತ್ರದ ಫೀಸು. ಹೇಳಿದ ದಿನದೊಳಗೆ ಗಾಡಿ ಎತ್ತದಿದ್ದರೆ ಯಾರ್ಡಿನ ದಿನಬಾಡಿಗೆ. ‘ರನ್ ಅಂಡ್ ಡ್ರೈವ್’ ಗಾಡಿ ಅಲುಗದ ಕಾರಣ ರಿಕವರಿ ಗಾಡಿಯ ಬಾಡಿಗೆ. ನಾಲ್ಕು ಟಯರು, ಏಕೆಂದರೆ ಟಯರು ಹಳತಾದರೆ ಪಾಸಿಂಗ್ ಆಗುವುದಿಲ್ಲ. ಪಾಸಿಂಗ್ ಆಗದೆ ಮುಲ್ಕಿಯಾ, ಅಂದರೆ ಗಾಡಿಯ ನೋಂದಣಿ ಕಾರ್ಡು, ಇಲ್ಲ. ಮುಲ್ಕಿಯಾಕ್ಕೆ ವಿಮೆ ಬೇಕು. ಫುಲ್ ಇನ್ಶೂರೆನ್ಸ್ ಕೇಳಿದಲ್ಲೆಲ್ಲ ಗಾಡಿಯ ಚರಿತ್ರೆ ನೋಡಿ ‘ಆಗುವುದಿಲ್ಲ’ ಎಂದರು. ವಿಮೆ ಕಂಪನಿಗೆ ಬೇಡವಾಗಿ ಬಂದ ಗಾಡಿಯನ್ನು ಇನ್ನೊಂದು ವಿಮೆ ಕಂಪನಿ ಏಕೆ ಎತ್ತಿಕೊಳ್ಳಬೇಕು ಎಂಬ ಪ್ರಶ್ನೆ ಭಾವನಿಗೆ ಹೊಳೆಯಲಿಲ್ಲ. “ಇವರಿಗೆಲ್ಲ ಮಂಡೆ ಸರಿ ಇಲ್ಲ” ಎಂದು ಥರ್ಡ್ ಪಾರ್ಟಿ ಮಾಡಿಸಿದರು. ಇನ್ನೊಂದಿಷ್ಟು ಹಣ ಸೇರಿಸಿದ್ದರೆ ಒಬ್ಬ ಮಾಸ್ತರರೋ ನರ್ಸಮ್ಮನೋ ಓಡಿಸಿದ ನೆಟ್ಟಗಿನ ಗಾಡಿ ಸಿಗುತ್ತಿತ್ತು ಎಂದು ಯಾರೋ ಹೇಳಿದರು. ಅಂಥ ಮಾತು ಹೇಳಲು ಎಲ್ಲ ಫ್ಲಾಟಿನಲ್ಲೂ ಒಬ್ಬನಿರುತ್ತಾನೆ, ಹರಾಜು ಮುಗಿದ ಮೇಲೇ ಅವನು ಬಾಯಿ ಬಿಡುವುದು.

ಗಾಡಿ ಹೋದದ್ದು ಶಾರ್ಜಾದಲ್ಲಿ ಗ್ಯಾರೇಜು ಇಟ್ಟ ಕಾಸರಗೋಡಿನವರ ಹತ್ತಿರ. ಅವರು ಬಾನೆಟ್ ಎತ್ತಲಿಲ್ಲ, ಸ್ಟಾರ್ಟ್ ಮಾಡಲಿಲ್ಲ. ಡ್ರೈವರ್ ಸೀಟಿನ ಬೆಲ್ಟ್ ಹಿಡಿದು ಎಳೆದರು. ನಾವು ಹಾಕಿಕೊಳ್ಳುವಾಗ ಎಳೆಯುವಷ್ಟಲ್ಲ. ಸುತ್ತಿಕೊಂಡ ಪಟ್ಟಿ ಪೂರ್ತಿ ಬಿಚ್ಚಿಕೊಂಡು ಇನ್ನು ಬರುವುದಿಲ್ಲ ಎನ್ನುವ ತನಕ. ಮೇಲಿನ ಭಾಗ ಶಾಂಪೂ ಹಾಕಿ ತೊಳೆದು ಕಪ್ಪಗೆ ಮಿರುಗುತ್ತಿತ್ತು. ಒಳಗಿನಿಂದ ಬಂದ ಕೊನೆಯ ಗೇಣು ಕೆಸರು ಒಣಗಿ ರಟ್ಟಾಗಿತ್ತು. ತೊಳೆಯುವವರು ಸೀಟು ಬಿಚ್ಚಿ ತೊಳೆಯುತ್ತಾರೆ, ಕಾರ್ಪೆಟ್ ಬದಲಿಸುತ್ತಾರೆ, ಊದಿನ ಅತ್ತರು ಹೊಡೆಯುತ್ತಾರೆ; ಬೆಲ್ಟನ್ನು ಕಡೆತನಕ ಎಳೆಯುವ ತಾಳ್ಮೆ ಯಾರಿಗೂ ಇರುವುದಿಲ್ಲ. ಆಮೇಲೆ ಅವರು ಸ್ಟೆಪ್ನಿ ಎತ್ತಿ ಅದರ ಗುಂಡಿಯಲ್ಲಿ ಬೆರಳಾಡಿಸಿದರು, ನುಣ್ಣಗಿನ ಮಣ್ಣು ಬಂತು. ಸೀಟಿನ ಕೆಳಗಿನ ವಯರಿನ ಸಾಕೆಟ್ಟು ಬಿಡಿಸಿ ತೋರಿಸಿದರು, ತಾಮ್ರಕ್ಕೆ ಹಸಿರು ಕಿಲುಬು ಹಿಡಿದಿತ್ತು.

“ಈ ಗಾಡಿ ಎಲ್ಲಿ ಮುಳುಗಿದ್ದು?” ಎಂದು ಕೇಳಿದರು, ನೆಂಟರ ಮನೆಯಲ್ಲಿ ಮಗು ಎಷ್ಟನೇ ಕ್ಲಾಸು ಎಂದು ಕೇಳುವ ಧಾಟಿಯಲ್ಲಿ.

ಈಗಿನ ಕಾರು ಎಂದರೆ ಅರ್ಧ ಕಂಪ್ಯೂಟರು. ಏರ್‌ಬ್ಯಾಗನ್ನು ಆಳುವ ಪೆಟ್ಟಿಗೆ ಎರಡು ಸೀಟಿನ ನಡುವೆ ನೆಲಕ್ಕೆ ಅಂಟಿಕೊಂಡಂತೆ ಇರುತ್ತದೆ. ಮೊಣಕಾಲೆತ್ತರ ನೀರು ಬಂದರೆ ಮೊದಲು ಮುಳುಗುವುದೇ ಅದು. ಕಿಲುಬು ಒಂದೇ ದಿನ ಹಿಡಿಯುವುದಿಲ್ಲ, ಕೂತು ಕೂತು ಹಿಡಿಯುತ್ತದೆ. ಆದ್ದರಿಂದ ಪಾಸಿಂಗ್ ದಿನ ಗಾಡಿ ಜಾಣ ಹುಡುಗನ ಹಾಗೆ ಕೈಕಟ್ಟಿ ನಿಂತಿತು. ಆಮೇಲೆ ಎಡಕ್ಕೆ ತಿರುಗಿಸಿದರೆ ಹಾರ್ನು ಬಡಿಯಿತು. ಶೇಖ್ ಜಾಯೆದ್ ರಸ್ತೆಯಲ್ಲಿ, ಆಗಸ್ಟಿನ ಮಧ್ಯಾಹ್ನ, ಯಾರೂ ಮುಟ್ಟದೆಯೇ ನಾಲ್ಕೂ ಕಿಟಕಿಯ ಗಾಜುಗಳು ಒಟ್ಟಿಗೆ ಇಳಿದು ಮತ್ತೆ ಏರಲಿಲ್ಲ. “ಬರೀ ಸೆನ್ಸರ್” ಎಂದರು ಭಾವ, ಬೆವರು ಒರೆಸಿಕೊಳ್ಳುತ್ತ.

ಅಷ್ಟರಲ್ಲಿ ಗಾಡಿಯ ಫೋಟೊ ಊರು ಸೇರಿ ಎಷ್ಟೋ ಕಾಲವಾಗಿತ್ತು. ಬಾನೆಟ್ಟಿಗೆ ಒರಗಿ ನಿಂತ ಭಾವ, ಹಿನ್ನೆಲೆಯಲ್ಲಿ ಬುರ್ಜ್ ಖಲೀಫಾ. ಎಷ್ಟಾಯಿತು ಎಂದು ಕೇಳಿದವರಿಗೆ ದಿರ್ಹಂ ಹೇಳಲಿಲ್ಲ, ರೂಪಾಯಿಯಲ್ಲಿ ಹೇಳಿದರು; ಅದೂ ಹೊಸ ಗಾಡಿಯ ರೂಪಾಯಿ. ಅತ್ತೆಯವರು ಅಲ್ಲಿಂದಲೇ ಗಾಡಿ ಹೆಸರಲ್ಲಿ ಪೂಜೆ ಕೊಡಿಸಿದರು. ಹೋಗುವಾಗ ಊರಿಗೇ ತಂದುಬಿಡಿ ಎಂದು ಮೈದುನ ಸಲಹೆ ಕೊಟ್ಟ. ಭಾರತಕ್ಕೆ ಹಳೆ ಗಾಡಿ ತರಬೇಕೆಂದರೆ ಅದು ಮೂರು ವರ್ಷಕ್ಕಿಂತ ಹಳತಾಗಿರಬಾರದು, ಸ್ಟೇರಿಂಗು ಬಲಗಡೆ ಇರಬೇಕು. ಎಮಿರೇಟ್ಸಿನ ಗಾಡಿಗಳಿಗೆ ಅದು ಎಡಗಡೆ. ಸರಕಾರದ ಕೆಲವು ನಿಯಮಗಳು ಎಷ್ಟು ಸಂಸಾರಗಳ ಮಾನ ಉಳಿಸಿವೆ ಎಂದು ಯಾರೂ ಬರೆಯುವುದಿಲ್ಲ.

ಭಾವ ಒಬ್ಬರೇ ಏನೂ ಅಲ್ಲ. ಈ ಮಾರುಕಟ್ಟೆ ಪೂರ್ತಿ ನಡೆಯುವುದು ಒಂದು ದೇಶದವರು ಕೈಬಿಟ್ಟದ್ದನ್ನು ಇನ್ನೊಂದು ದೇಶದವರು ಕಣ್ಣಿಗೊತ್ತಿಕೊಳ್ಳುವುದರಿಂದಲೇ. 2017ರಲ್ಲಿ ಹಾರ್ವಿ ಚಂಡಮಾರುತ ಹ್ಯೂಸ್ಟನ್ನನ್ನು ಮುಳುಗಿಸಿದಾಗ ಅಲ್ಲಿಯ ಹರಾಜು ಯಾರ್ಡುಗಳು ಕಣ್ಣು ಹಾಯುವಷ್ಟು ದೂರ ಕಾರುಗಳಿಂದ ತುಂಬಿದ್ದವು. ಅಮೆರಿಕದಲ್ಲಿ ಗುದ್ದಿಸಿಕೊಂಡ, ಮುಳುಗಿದ ಗಾಡಿಗಳು ಕಂಟೇನರಿನಲ್ಲಿ ಕಡಲು ದಾಟಿ ಇಲ್ಲಿಗೂ ಬರುತ್ತವೆ. ಡೆಂಟಿಂಗ್ ಪೇಂಟಿಂಗ್ ಆಗಿ ‘ಅಮೆರಿಕನ್ ಸ್ಪೆಕ್’ ಎಂಬ ಹೆಸರಿನಲ್ಲಿ ನಿಲ್ಲುತ್ತವೆ. ನೋಡಲು ಹೊಸತು, ಬೆಲೆ ಕಡಿಮೆ. ಇಲ್ಲಿಯ ಬಿಸಿಲಿಗೆಂದೇ ಮಾಡಿದ ಗಾಡಿಯ ರೇಡಿಯೇಟರೂ ಏಸಿಯೂ ಅದಕ್ಕಿಲ್ಲ. ಅದರ ಪೂರ್ವಾಶ್ರಮ ತಿಳಿಯುವುದು ಕಷ್ಟವೂ ಅಲ್ಲ: 1981ರಿಂದ ಈಚೆಗೆ ಅಮೆರಿಕದ ಪ್ರತಿ ಗಾಡಿಗೂ 17 ಅಕ್ಷರ-ಅಂಕೆಗಳ ಚಾಸಿ ನಂಬರು ಇದೆ. ಮುಂದಿನ ಗಾಜಿನ ಮೂಲೆಯಲ್ಲಿ ಕಾಣುವ ಅದನ್ನು ಫೋನಿನಲ್ಲಿ ಹುಡುಕಿದರೆ, ಎಷ್ಟೋ ಸಲ ಅಮೆರಿಕದ ಯಾರ್ಡಿನಲ್ಲಿ ಮೂತಿ ಮುರಿದುಕೊಂಡು ಮಲಗಿದ ಫೋಟೊವೇ ಸಿಗುತ್ತದೆ. ಅಷ್ಟು ಮಾಡಲು ಎರಡು ನಿಮಿಷ ಸಾಕು. ಆದರೆ ಸೋವಿಯ ಮೇಲೆ ಮನಸ್ಸು ನಿಂತವರಿಗೆ ಆ ಎರಡು ನಿಮಿಷ ಅಪಶಕುನದ ಹಾಗೆ ಕಾಣುತ್ತದೆ.

ಇಲ್ಲಿಯವರೆಗೆ ಯಾರೂ ಯಾರಿಗೂ ಸುಳ್ಳು ಹೇಳಿಲ್ಲ ಎಂಬುದನ್ನು ಗಮನಿಸಿ. ವಿಮೆ ಕಂಪನಿ ಹಾಳಾಗಿದೆ ಎಂದಿತು. ಹರಾಜಿನವರು ನೀರು ಎಂದು ಬರೆದರು. ಗ್ಯಾರೇಜಿನವರು ಬೆಲ್ಟ್ ಎಳೆದು ತೋರಿಸಿದರು. ಮೊದಲ ಸುಳ್ಳು ಹುಟ್ಟಿದ್ದು ಭಾವ ಗಾಡಿ ಮಾರಲು ಹೊರಟ ದಿನ.

ಜಾಹೀರಾತನ್ನು ಅವರೇ ಬರೆದು, ಇಂಗ್ಲಿಷು ಸರಿ ಉಂಟಾ ನೋಡು ಎಂದು ನನಗೆ ಕಳಿಸಿದರು. ಇಂಗ್ಲಿಷು ಸರಿಯೇ ಇತ್ತು. ಒಬ್ಬರೇ ಓಡಿಸಿದ ಗಾಡಿ, ಅದೂ ಹೆಂಗಸರು. ಅಪಘಾತ ಇಲ್ಲ. ಏಸಿ ಐಸಿನಂತೆ. ಫ್ಯಾಮಿಲಿ ಕಾರು. ಖಾಯಂ ಊರಿಗೆ ಹೋಗುತ್ತಿರುವುದರಿಂದ ತುರ್ತು ಮಾರಾಟ.

“ಓಡಿಸಿದ ಹೆಂಗಸರು ಯಾರು ಭಾವ?”

“ಮಳೆಗೆ ಮೊದಲು ಯಾರೋ ಓಡಿಸಿರಬಹುದಲ್ಲ? ಹೆಂಗಸು ಅಲ್ಲ ಅಂತ ನಿಂಗೆ ಹೇಗೆ ಗೊತ್ತು?”

“ಊರಿಗೆ ಖಾಯಂ ಯಾವಾಗ ಹೋಗುವುದು?”

“ಒಂದು ದಿನ ಹೋಗಲೇಬೇಕಲ್ಲ ಮಾರಾಯ.”

“ನೀರಿನ ವಿಷಯ?”

“ಕೇಳಿದರೆ ಹೇಳ್ತೇನೆ” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಬೇರೆಯವರಿಗೆ ಕೊಡುದಿಲ್ಲ, ನಮ್ಮೂರಿನವರಿಗೇ ಕೊಡ್ತೇನೆ. ನಮ್ಮವರಾದ್ರೆ ನಂಬ್ತಾರೆ” ಎಂದರು.

ನಂಬುವವರು ಬೇಗನೇ ಸಿಕ್ಕಿದರು. ಪುತ್ತೂರು ಕಡೆಯ ಹುಡುಗ, ಹೊಸ ಲೈಸೆನ್ಸು. ಭಾವನ ಗಾಡಿ ಎಂದು ತಿಳಿದು, ನನ್ನ ನಂಬರು ಹುಡುಕಿ ಫೋನು ಮಾಡಿದ. “ನಿಮಗೆ ಗಾಡಿ ಗೊತ್ತುಂಟಲ್ಲ ಅಣ್ಣ, ತೆಗೊಳ್ಳಬಹುದಾ?” ಎಂದ. ಇಂಥ ಕಡೆ ಭಾವನ ಸ್ನೇಹವೂ ಉಳಿಯಬೇಕು, ಹುಡುಗನೂ ಉಳಿಯಬೇಕು. ಹೆಚ್ಚೇನೂ ಹೇಳಲಿಲ್ಲ. ನೋಡಲು ಹೋದಾಗ ಡ್ರೈವರ್ ಸೀಟಿನ ಬೆಲ್ಟನ್ನು ಕಡೆತನಕ ಎಳೆದು ನೋಡು, ಕೆಸರಿದ್ದರೆ ಬಿಟ್ಟು ಬಾ ಎಂದೆ.

ಸಂಜೆ ಅವನದೇ ಫೋನು ಬಂತು. ದನಿಯಲ್ಲಿ ಸಂಭ್ರಮ.

“ಎಳೆದು ನೋಡಿದೆ ಅಣ್ಣ. ಕೆಸರು ಗಿಸರು ಎಂತದೂ ಇಲ್ಲ. ಬೆಲ್ಟ್ ಹೊಸತೇ ಉಂಟು. ಅದೊಂದೇ ಅಲ್ಲ, ಎಲ್ಲ ಸೀಟಿಗೂ ಹೊಸತು. ಎಷ್ಟು ಚೆಂದ ಮೇಂಟೇನ್ ಮಾಡಿದ್ದಾರೆ ನೋಡಿ.”